ಕರವಸ್ತ್ರದಲ್ಲಿ ಕಟ್ಟಿದ ಕೂಲಿ

ಅಮೆರಿಕದಿಂದ ಬಂದ ಒಬ್ಬ ಹೆಂಗಸನ್ನು ಮನೆಯಲ್ಲಿಟ್ಟುಕೊಂಡರೆ ಏನು ಖರ್ಚಾಗುತ್ತದೆ ಎಂದು ತಿಳಿಯಬೇಕಾದವರು ನನ್ನನ್ನು ಕೇಳಬೇಕು. ದಿನಕ್ಕೊಂದು ಕೋಳಿ. ಆಕೆ ಅನ್ನ ಮುಟ್ಟುವುದಿಲ್ಲ, ಹಾಗಾಗಿ ಚೀನಿಯವನ ಅಂಗಡಿಯಿಂದ ಬ್ರೆಡ್ಡು. ಮೊಟ್ಟೆ ಬೇಕು, ಗಟ್ಟಿಯಾಗಿ ಬೆಂದರೂ ಆಗದು, ಮೆತ್ತಗಿದ್ದರೂ ಆಗದು. ಕೂರಲು ಅಪ್ಪನ ಕುರ್ಚಿ, ಅಂದರೆ ಅಪ್ಪನಿಗೆ ಬೆಂಚು, ಅಂದರೆ ಅಪ್ಪನಿಗೆ ಸೊಂಟನೋವು, ಅಂದರೆ ಅಪ್ಪನ ಸಿಡುಕು, ಅದು ಪೂರ್ತಿ ನನ್ನ ಪಾಲಿಗೆ. ಇವೆಲ್ಲಕ್ಕಿಂತ ದುಬಾರಿ ನೀರು. ಮಿಸ್ ಪ್ರಾಟ್ ದಿನಾ ಬೆಳಿಗ್ಗೆ ತೊಟ್ಟಿಯಲ್ಲಿ ಕೂತು ಸ್ನಾನ ಮಾಡುತ್ತಿದ್ದರು. ತಾಲ್ ಊರಿನವರಾದ ನಾವೂ ದಿನಾ ಮೈ ತೊಳೆಯುವವರೇ, ಆದರೆ ಮೊಗೆಯಲು ಒಂದು ತೆಂಗಿನ ಚಿಪ್ಪು, ಒಂದು ಮಡಕೆ ನೀರು ನಮಗೆ ಸಾಕು. ಅವರಿಗೆ ತೊಟ್ಟಿ ತುಂಬಬೇಕು. ನಮ್ಮ ಊರಿರುವುದು ಗುಡ್ಡದ ಮೇಲೆ, ನೀರಿನ ಊಟೆ ಇರುವುದು ಗುಡ್ಡದ ಕೆಳಗೆ.

ಆ ನೀರು ಹೊರುತ್ತಿದ್ದವನು ಗೌದೆನ್ಸ್ಯೊ. ಎಲ್ಲರ ಬಾಯಲ್ಲಿ ದೆನ್ಸ್ಯೊ.

ಅವನು ನಮ್ಮ ಆಳಲ್ಲ, ನನ್ನನ್ನು ಕೇಳಿಕೊಂಡು ಬಂದವನು. ನಮ್ಮಲ್ಲಿ ಹೆಣ್ಣು ಬೇಕೆಂದರೆ ಹುಡುಗ ಅವಳ ಮನೆಯಲ್ಲಿ ದುಡಿಯಬೇಕು. ನೀರು ತರಬೇಕು, ಸೌದೆ ಸೀಳಬೇಕು, ಭತ್ತ ಕುಟ್ಟಬೇಕು. ಹುಡುಗಿಯ ಅಪ್ಪ ಅವನನ್ನು ನೋಡಿಯೂ ನೋಡದವನಂತೆ ಇರುತ್ತಾನೆ. ಹುಡುಗಿ ಅವನ ಜೊತೆ ಮಾತಾಡುವ ಹಾಗಿಲ್ಲ. ಅಪ್ಪನಿಗೆ ಒಪ್ಪಿಗೆಯಾದ ದಿನ ಅವನನ್ನು ಮೆಟ್ಟಿಲು ಹತ್ತಿಸಿ ಊಟಕ್ಕೆ ಕೂರಿಸುತ್ತಾನೆ. ಒಪ್ಪಿಗೆಯಾಗದಿದ್ದರೆ ಮಾಡಿದ ಕೆಲಸಕ್ಕೆಲ್ಲ ಕೂಲಿ ಕೊಟ್ಟು ಕಳಿಸುತ್ತಾನೆ. ಕೂಲಿ ಕೈಗೆ ಬಂತೆಂದರೆ ಮಾತು ಮುಗಿಯಿತು, ಜಗಳವಿಲ್ಲ, ಪ್ರಶ್ನೆಯಿಲ್ಲ. ಇನ್ನು ಹುಡುಗನೇ ನಡುವೆ ಬಿಟ್ಟು ಹೋದರೆ ಅವಮಾನ ಹುಡುಗಿಗೆ. ಅವಳಲ್ಲಿ ಏನೋ ಕಂಡಿರಬೇಕು, ಅದಕ್ಕೇ ಓಡಿಹೋದ ಎಂದು ಊರು ಆಡಿಕೊಳ್ಳುತ್ತದೆ.

ದೆನ್ಸ್ಯೊ ಕಳೆದ ಕಬ್ಬು ಕಟಾವಿನಿಂದ ಬರುತ್ತಿದ್ದ. ಈ ಕಟಾವಿಗೆ ಅಪ್ಪ ಕರೆದು ಕೂರಿಸುತ್ತಾರೆ ಎಂದು ಅಜ್ಜಿ ಆಗಲೇ ಹಂದಿಯನ್ನು ಕೊಬ್ಬಿಸುತ್ತಿದ್ದಳು.

ಮಾತಾಡುವ ಹಾಗಿಲ್ಲ ಎಂದೆನಲ್ಲ, ಅದಕ್ಕೆ ನಾನೊಂದು ದಾರಿ ಮಾಡಿಕೊಂಡಿದ್ದೆ. ದೆನ್ಸ್ಯೊಗೆ ಹೇಳಬೇಕಾದ್ದನ್ನೆಲ್ಲ ಹಂದಿಗೆ ಹೇಳುತ್ತಿದ್ದೆ.

"ಎಲೈ, ನಿನ್ನೆ ಸೀಳಿದ ಸೌದೆ ಏನು ಸೌದೆನಾ, ಮನೆ ಕಂಬನಾ? ಹೊಗೆ ಕುಡಿದೂ ಕುಡಿದೂ ನನ್ನ ಕಣ್ಣು ನಿನ್ನ ಕಣ್ಣಿನ ಥರಾ ಆಗಿದೆ."

ಹಂದಿ ಮುಸುಡಿ ಎತ್ತಿ ನನ್ನನ್ನು ನೋಡುತ್ತಿತ್ತು. ದೆನ್ಸ್ಯೊ ತಲೆ ಎತ್ತುತ್ತಿರಲಿಲ್ಲ, ಆದರೆ ಅವನ ಕಿವಿ ಕೆಂಪಾಗುತ್ತಿತ್ತು. ಮಾರನೇ ದಿನ ನೋಡಿದರೆ ಸೌದೆ ಬೆರಳಿನಷ್ಟು ತೆಳ್ಳಗೆ, ಒಂದೇ ಅಳತೆ, ಒಲೆಯ ಹತ್ತಿರ ನನ್ನ ಕೈಗೆಟಕುವ ಕಡೆಗೇ ಜೋಡಿಸಿಟ್ಟಿರುತ್ತಿತ್ತು. ಬಾಯಿ ಬಿಟ್ಟು ಒಂದು ಮಾತಾಡದವನು ಕೊಡಲಿಯಲ್ಲಿ ಎಷ್ಟೆಲ್ಲ ಹೇಳುತ್ತಿದ್ದ! ಒಮ್ಮೆ ನಾನು ಕಸೂತಿಯಿಂದ ಕಣ್ಣೆತ್ತಿದಾಗ ಅವನು ನೀರಿನ ಅಂಡೆ ಹೆಗಲ ಮೇಲಿಟ್ಟುಕೊಂಡೇ ನನ್ನನ್ನು ನೋಡುತ್ತ ನಿಂತಿದ್ದ. ಬಿದಿರಂಡೆ ವಾಲಿ ಅರ್ಧ ನೀರು ಅವನ ಬೆನ್ನ ಮೇಲೆ ಸುರಿಯುತ್ತಿತ್ತು, ಅವನಿಗೆ ತಿಳಿದೇ ಇರಲಿಲ್ಲ.

"ಹಂದೀ," ಎಂದೆ, "ಸ್ನಾನ ಊಟೆ ಹತ್ರ ಮಾಡಬೇಕು, ಅಂಗಳದಲ್ಲಲ್ಲ."

ಅಜ್ಜಿ ವೀಳ್ಯ ಅಗಿಯುತ್ತ, "ತಿಬಾಂಗ್, ಆ ಹಂದಿಗೆ ಇಷ್ಟೊಂದು ಬುದ್ಧಿ ಹೇಳಿದ್ರೆ ನಾಳೆ ಅದು ಚರ್ಚಿಗೆ ಹೊರಡುತ್ತೆ," ಎಂದಳು. ದೆನ್ಸ್ಯೊ ಬೆನ್ನು ತಿರುಗಿಸಿ ನಕ್ಕ. ಒದ್ದೆ ಅಂಗಿಯೊಳಗೆ ಅವನ ಭುಜ ಕುಣಿದದ್ದು ನನಗೆ ಕಾಣಿಸಿತು.

ಇದೆಲ್ಲವನ್ನೂ ಮಿಸ್ ಪ್ರಾಟ್ ಮೇಲಿನ, ಗಾಜಿನ ಬದಲು ಕಪ್ಪೆಚಿಪ್ಪು ಕೂರಿಸಿದ ಕಿಟಕಿ ಸರಿಸಿ ನೋಡುತ್ತಿದ್ದರು. ಅವರು ನಮ್ಮ ದೇಶದ ದ್ವೀಪಗಳನ್ನೆಲ್ಲ ಸುತ್ತಿ ನಮ್ಮ ಬಗ್ಗೆ ಪುಸ್ತಕ ಬರೆಯಲು ಬಂದವರು. ಊರ ಮುಖ್ಯಸ್ಥರು ಅಪ್ಪನ ಕೈ ಹಿಡಿದು, "ಅಂಬ್ರೋಸ್ಯೊ ಅವರೇ, ನಿಮ್ಮ ಮನೆಯೇ ದೊಡ್ಡದು," ಎಂದಾಗ ಅಪ್ಪನಿಗೆ ಇಲ್ಲ ಎನ್ನಲಾಗಲಿಲ್ಲ. ಅವರು ಬಾಡಿಗೆ ಕೊಡಲು ಬಂದರು. ಅಪ್ಪ ಮುಖ ಕೆಂಪು ಮಾಡಿಕೊಂಡು ಎದ್ದುಹೋದರು. ಅತಿಥಿಯ ಹತ್ತಿರ ದುಡ್ಡು ತೆಗೆದುಕೊಳ್ಳುವುದುಂಟೆ? ಹಾಗಾಗಿ ಆಕೆಯ ಹತ್ತಿರ ಖರ್ಚಾಗದ ದುಡ್ಡು ಬಹಳ ಉಳಿದಿತ್ತು. ಎಲ್ಲ ಅನಾಹುತಕ್ಕೂ ಅದೇ ಮೂಲ.

ಮೆಕ್ಸಿಕೊದಲ್ಲಿ ಕಲಿತ ಸ್ಪಾನಿಷ್ ಅವರದು. ನನ್ನದು ಕಾನ್ವೆಂಟಿನ ಸ್ಪಾನಿಷ್. ಒಂದು ಮಧ್ಯಾಹ್ನ ನನ್ನ ಪಕ್ಕ ಬಂದು ಕೂತರು. ಅಜ್ಜಿ ಎದುರಿಗೇ ಇದ್ದಳು, ದೆನ್ಸ್ಯೊ ಕೆಳಗೆ ಭತ್ತ ಕುಟ್ಟುತ್ತಿದ್ದ.

"ಆ ಹುಡುಗ ನಿಮ್ಮ ಕೆಲಸದವನಾ?"

"ಅಲ್ಲ."

"ಸಂಬಂಧಿಕನಾ?"

"ಅಲ್ಲ."

"ಸಂಬಳ?"

"ಇಲ್ಲ."

"ಊಟ?"

"ಅವನ ಮನೆಯಲ್ಲಿ."

"ಬೆಳಗಿನಿಂದ ಸಂಜೆವರೆಗೂ ಹೀಗೇ? ಯಾವಾಗ ಬಿಡುತ್ತೀರಿ ಅವನನ್ನು?"

"ಅದು ಅಪ್ಪನಿಗೆ ಬಿಟ್ಟಿದ್ದು," ಎಂದು ನಾನು ಕಸೂತಿಯ ಮೇಲೆ ಬಗ್ಗಿದೆ. ಅಜ್ಜಿಯ ಮುಂದೆ ಕೂತು 'ಅವನು ನನಗಾಗಿ ಬಂದವನು' ಎಂದು ನನ್ನ ಬಾಯಿಂದ ಹೇಗೆ ಹೇಳಲಿ? ಮರ್ಯಾದಸ್ಥ ಹುಡುಗಿ ಹೇಳುವ ಮಾತಲ್ಲ ಅದು. ಅದೂ ಅಲ್ಲದೆ ಇಷ್ಟು ದಿನ ಕಿಟಕಿಯಲ್ಲಿ ಕೂತು ನೋಡಿದವರಿಗೆ ಇಷ್ಟೂ ತಿಳಿಯುವುದಿಲ್ಲ ಎಂದು ನನಗೇನು ಗೊತ್ತು? ಊರಿನ ನಾಯಿಗಳಿಗೂ ತಿಳಿದ ವಿಷಯ.

ಮಿಸ್ ಪ್ರಾಟ್ ತುಟಿ ಬಿಗಿದುಕೊಂಡರು. ಆಮೇಲೆ ನನ್ನ ತೊಡೆಯ ಮೇಲಿದ್ದ ಕರವಸ್ತ್ರ ಮುಟ್ಟಿ, "ಇದು ನನಗೆ ಬೇಕು," ಎಂದರು. ಅನಾನಸ್ ನಾರಿನ ಬಟ್ಟೆ, ಮೂಲೆಯಲ್ಲಿ ನಾನೇ ಹಾಕಿದ ಮಲ್ಲಿಗೆ ಬಳ್ಳಿ. ನಾನು ಮಾರುವುದೇ ಅದನ್ನು, ಕೊಟ್ಟೆ. ಅವರು ನಾಣ್ಯವನ್ನು ಹಾಗೇ ನನ್ನ ಅಂಗೈಗೆ ಹಾಕಿದಾಗ ಅಜ್ಜಿ ಕೆಮ್ಮಿದಳು.

"ಬರಿಗೈಯಲ್ಲಿ ದುಡ್ಡು ಕೊಡೋದು ನಮ್ಮಲ್ಲಿ ಒರಟುತನ," ಎಂದು ನಾನು ಮೆತ್ತಗೆ ಹೇಳಿದೆ. "ಯಾವುದರಲ್ಲಾದರೂ ಸುತ್ತಿ ಕೊಡಬೇಕು."

"ಓ! ತುಂಬ ಸುಂದರ ಪದ್ಧತಿ," ಎಂದರು. ಅವರಿಗೆ ಬುದ್ಧಿ ಕಲಿಸಿದವಳು ನಾನೇ, ಬೇರೆ ಯಾರನ್ನು ಬೈಯಲಿ?

ಮಾರನೇ ಬೆಳಿಗ್ಗೆ ದೆನ್ಸ್ಯೊ ಬರಲಿಲ್ಲ.

ಜ್ವರ ಇರಬೇಕು ಅಂದುಕೊಂಡೆ. ಅದರ ಮಾರನೇ ದಿನವೂ ಬರಲಿಲ್ಲ. ಗುಡಾಣ ಖಾಲಿ, ಒಲೆಯ ಪಕ್ಕದ ಸೌದೆ ಖಾಲಿ. ಅಪ್ಪ ಏನೂ ಕೇಳಲಿಲ್ಲ, ಆದರೆ ಅಂಗಳ ನೋಡಲು ಎದ್ದು ಎದ್ದು ಹೋಗುತ್ತಿದ್ದರು. ಅಷ್ಟು ದಿನ ಇದ್ದವನನ್ನು ಇಲ್ಲ ಎಂಬಂತೆ ನಡೆದುಕೊಂಡವರು ಈಗ ಇಲ್ಲದವನನ್ನು ಹುಡುಕುತ್ತಿದ್ದರು.

"ಓಡಿಹೋದ," ಎಂದಳು ಅಜ್ಜಿ.

"ಯಾಕೆ ಓಡಿಹೋಗ್ತಾನೆ?"

"ನನ್ನ ಕೇಳಿದ್ರೆ? ನಿನ್ನ ಹಂದೀನ ಕೇಳು."

ಭಾನುವಾರ ಚರ್ಚಿನ ಬಾಗಿಲಲ್ಲಿ ಅವನನ್ನು ಕಂಡೆ. ತಲೆಗೆ ಹ್ಯಾಟಿಲ್ಲ. ಜ್ವರವೂ ಇಲ್ಲ, ಗಾಯವೂ ಇಲ್ಲ. ನನ್ನನ್ನು ನೋಡಿದ. ಮೊದಲೆಲ್ಲ ಅವನು ನೋಡಿದರೆ ನನ್ನ ಮುಸುಕಿನೊಳಗೆ ನಗು ಬರುತ್ತಿತ್ತು. ಆ ದಿನದ ನೋಟ, ನಾನೇ ಅವನ ಕೆನ್ನೆಗೆ ಹೊಡೆದೆನೇನೋ ಎಂಬಂತಿತ್ತು. ಆಮೇಲೆ ಬೆನ್ನು ತಿರುಗಿಸಿ ನಡೆದ. ಬಿಟ್ಟು ಹೋದವನು ಅವನು, ಮುಖ ಊದಿಸಿಕೊಂಡಿದ್ದೂ ಅವನೇ! ನನಗೆ ಜಪಮಾಲೆ ಬೀಸಿ ಹೊಡೆಯುವಷ್ಟು ಸಿಟ್ಟು ಬಂತು.

ಗುಟ್ಟು ತಂದವಳು ಅಜ್ಜಿ. ಸಂತೆಯಿಂದ ಏದುಸಿರು ಬಿಡುತ್ತ ಬಂದಳು. ದೆನ್ಸ್ಯೊನ ತಾಯಿ, ವಿಧವೆ ಸಿಲ್ವೆರಿಯಾ, ಮೀನಿನ ಅಂಗಡಿಯಲ್ಲಿ ಎಲ್ಲರಿಗೂ ಹೇಳುತ್ತಿದ್ದಳಂತೆ: 'ನಮ್ಮ ಲೆಕ್ಕ ಚುಕ್ತಾ ಮಾಡಿಬಿಟ್ರು ದೊಡ್ಡೋರು. ಬಾಯಲ್ಲಿ ಹೇಳೋಕೂ ಪುರುಸೊತ್ತಿಲ್ಲ, ನನ್ನ ಮಗನ ಹ್ಯಾಟಿನಲ್ಲಿ ಬೆಳ್ಳಿ ಪೆಸೊ ಇಟ್ಟು ಕಳಿಸಿದ್ರು. ಅದೂ ಆ ಹುಡುಗಿ ಸ್ವಂತ ಕೈಯಾರೆ ಕಸೂತಿ ಹಾಕಿದ ಕರವಸ್ತ್ರದಲ್ಲಿ ಕಟ್ಟಿ!'

ಅಪ್ಪ ಬೆಂಚಿನಿಂದ ಎದ್ದರು. "ಯಾರು ಕೊಟ್ಟಿದ್ದು? ನಾನು ಕೊಟ್ಟಿಲ್ಲ. ತಿಬಾಂಗ್, ನೀನು ಕೊಟ್ಟೆಯಾ?"

"ನನ್ನ ಹತ್ರ ಎಲ್ಲಿಂದ ಬರಬೇಕು ಅಪ್ಪಾ ಪೆಸೊ?"

ಅಷ್ಟರಲ್ಲಿ ಒಳಗಿನಿಂದ ಮಿಸ್ ಪ್ರಾಟ್ ಟವೆಲ್ ಹೆಗಲಿಗೆ ಹಾಕಿಕೊಂಡು ಬಂದರು. "ಇವತ್ತೂ ನೀರಿಲ್ಲವಾ? ಆ ಪಾಪದ ಹುಡುಗ ಕೊನೆಗೂ ಬಿಡುಗಡೆಯಾದ ಅಂತ ಕಾಣುತ್ತೆ!" ಎಂದು ನಕ್ಕರು.

ನಾನು ಅವರನ್ನೇ ನೋಡಿದೆ. ಮಲ್ಲಿಗೆ ಬಳ್ಳಿಯ ಕರವಸ್ತ್ರ ನೆನಪಾಯಿತು. "ಸೆನ್ಯೋರಿತಾ, ಅವನ ಹ್ಯಾಟಿನಲ್ಲಿ ದುಡ್ಡಿಟ್ಟವರು ನೀವಾ?"

"ಹೌದು. ಯಾರಿಗೂ ಕಾಣದ ಹಾಗೆ. ನೀನು ಹೇಳಿದ ಹಾಗೇ ಸುತ್ತಿ," ಎಂದರು ಹೆಮ್ಮೆಯಿಂದ. "ಗುಲಾಮಗಿರಿ ನಮ್ಮ ದೇಶದಲ್ಲೂ ಇತ್ತು ತಿಬಾಂಗ್. ನೋಡಿಕೊಂಡು ಸುಮ್ಮನಿರಲು ನನ್ನಿಂದ ಆಗಲಿಲ್ಲ."

ಮರ್ಯಾದೆ ಗಿರ್ಯಾದೆ ಎಲ್ಲ ಬದಿಗಿಟ್ಟು, ಅಪ್ಪನ ಮುಂದೆ, ಅಜ್ಜಿಯ ಮುಂದೆ ನಾನು ಎಲ್ಲವನ್ನೂ ಸ್ಪಾನಿಷ್‌ನಲ್ಲಿ ಒದರಿಬಿಟ್ಟೆ. ಅವನು ಗುಲಾಮನಲ್ಲ. ನನಗಾಗಿ ನೀರು ಹೊತ್ತವನು. ನೀವು ಕೊಟ್ಟದ್ದು ಕೂಲಿ. ಕೂಲಿ ಅಂದರೆ 'ನೀನು ಬೇಡ' ಅಂತ. ಅದೂ ನನ್ನ ಕಸೂತಿಯಲ್ಲಿ ಸುತ್ತಿದ್ದರಿಂದ, ಬೇಡ ಅಂದವಳು ನಾನೇ ಅಂತ.

ಮಿಸ್ ಪ್ರಾಟ್ ಅಪ್ಪನ ಕುರ್ಚಿಯಲ್ಲಿ ಕೂತುಬಿಟ್ಟರು. "ನೀನು ಯಾಕೆ ಮೊದಲೇ ಹೇಳಲಿಲ್ಲ?"

"ನೀವು ಯಾಕೆ ಸರಿಯಾಗಿ ಕೇಳಲಿಲ್ಲ?"

ಅಪ್ಪನಿಗೆ ಸ್ಪಾನಿಷ್ ಅರ್ಥವಾಗುತ್ತಿತ್ತು. ಅತಿಥಿಯನ್ನು ಬೈಯುವ ಹಾಗಿಲ್ಲ, ಹಾಗಾಗಿ ನನ್ನ ಕಡೆ ತಿರುಗಿದರು. "ದುಡ್ಡು ಈ ಮನೆಯಿಂದ ಹೋಗಿ ಆ ಮನೆ ಸೇರಿದೆ. ಕೊಟ್ಟಿದ್ದು ನಾನಲ್ಲ ಅಂತ ಬೀದಿಬೀದಿ ಸಾರಲಾ? ಹುಡುಗನನ್ನು ಕರೆಯೋಕೆ ಹೆಣ್ಣಿನ ಅಪ್ಪ ಹೋಗೋದು ಎಲ್ಲಾದ್ರೂ ಉಂಟಾ? ಬೇಕಿದ್ರೆ ಅವನೇ ಬಂದು ಕೇಳಲಿ."

"ಕೂಲಿ ತಗೊಂಡವನು ಬಂದು ಕೇಳೋ ಹಾಗಿಲ್ಲ ಅಪ್ಪಾ."

"ಹಾಗಾದ್ರೆ ಮುಗೀತು."

ಮುಗಿಯಲು ಇನ್ನೊಂದು ಸುದ್ದಿ ಬಾಕಿ ಇತ್ತು. ದೆನ್ಸ್ಯೊ ಮರ ಕಡಿಯುವ ತಂಡ ಸೇರಿ ಮಿಂದೊರೊ ದ್ವೀಪಕ್ಕೆ ಹೊರಟಿದ್ದ. ದೋಣಿ ಬುಧವಾರ ಬಿಡುತ್ತದೆ ಎಂದು ಅಜ್ಜಿ ಹೇಳಿದಳು. ಕಾಡುಜ್ವರದ ಮಿಂದೊರೊಗೆ ಹೋದವರಲ್ಲಿ ಎಷ್ಟು ಜನ ತಿರುಗಿ ಬಂದಿದ್ದಾರೆ ಎಂಬುದು ನಮಗೆಲ್ಲ ಗೊತ್ತಿತ್ತು.

ಮಂಗಳವಾರ ಮಿಸ್ ಪ್ರಾಟ್ ಕೊಡೆ ಹಿಡಿದು, "ತಪ್ಪು ನನ್ನದು, ನಾನೇ ಸರಿಮಾಡುತ್ತೇನೆ," ಎಂದು ಸಿಲ್ವೆರಿಯಾಳ ಮನೆಗೆ ಹೋದರು. ನಾನು ಬೇಡ ಎಂದರೂ ಕೇಳಲಿಲ್ಲ. ಮಧ್ಯಾಹ್ನ ಅರಳಿದ ಮುಖದಲ್ಲಿ ಬಂದರು.

"ಎಲ್ಲ ಸರಿಹೋಯಿತು! ಎಂಥ ಒಳ್ಳೆಯ ಹೆಂಗಸು! ಚಾಕೊಲೇಟ್ ಕಾಯಿಸಿ ಕೊಟ್ಟಳು, ಎಲೆಯಲ್ಲಿ ಸುತ್ತಿದ ಅಕ್ಕಿ ಕಡುಬು ಕೊಟ್ಟಳು. ನಾನು ಹೇಳಿದ್ದಕ್ಕೆಲ್ಲ ಹೌದು ಹೌದು ಅಂದಳು."

"ನಕ್ಕಳಾ?"

"ಉದ್ದಕ್ಕೂ ನಗುತ್ತಲೇ ಇದ್ದಳು."

ನಾನು ಹಣೆ ಚಚ್ಚಿಕೊಂಡೆ. "ಸೆನ್ಯೋರಿತಾ, ಅತಿಥಿಗೆ ಯಾರಾದ್ರೂ ಇಲ್ಲ ಅಂತಾರಾ? ನೀವು ಅವಳ ಮನೆಗೆ ಬೆಂಕಿ ಇಡ್ತೀನಿ ಅಂದಿದ್ರೂ ಹೌದು ಅಂದು ಇನ್ನೊಂದು ಕಡುಬು ಬಡಿಸಿರೋಳು. ಅವಳು ನಂಬಿಲ್ಲ. ನಾವು ನಿಮ್ಮನ್ನ ಮುಂದೆ ಬಿಟ್ಟು ನಾಟಕ ಆಡ್ತಿದ್ದೀವಿ ಅಂದುಕೊಂಡಿರ್ತಾಳೆ."

"ಹಾಗಾದರೆ ನಿಮ್ಮ ಊರಲ್ಲಿ ಸತ್ಯ ಹೇಳುವುದು ಹೇಗೆ?" ಎಂದು ಅವರು ಕೂಗಿದರು. ಬಂದ ಮೇಲೆ ಮೊದಲ ಸಲ ಅವರು ಕೇಳಿದ ಒಳ್ಳೆಯ ಪ್ರಶ್ನೆ ಅದು.

ನನಗೆ ಒಮ್ಮೆಗೇ ಎಲ್ಲರ ಮೇಲೂ ರೇಗಿಹೋಯಿತು. ಬಿಗುಮಾನ ಬಿಡದ ಅಪ್ಪ, ಸಂತೆಯಲ್ಲಿ ಕೂತು ಊಳಿಡುವ ಸಿಲ್ವೆರಿಯಾ, ಒಳ್ಳೆಯದು ಮಾಡಲು ಹೋಗಿ ಮನೆ ಮುರಿಯುವ ಈ ಹೆಂಗಸು, ಒಂದು ಮಾತು ಕೇಳದೆ ಕಾಡಿಗೆ ಹೊರಟ ಆ ಮೂಗ. ಒಬ್ಬರಾದರೂ ಬಾಯಿ ತೆರೆದು ಕೇಳಬಾರದೇ? ಬಾಯಲ್ಲಿ ಹೇಳಿದ್ದನ್ನು ಈ ಊರು ನಂಬುವುದಿಲ್ಲ. ಹಾಗಾದರೆ ಹೊತ್ತು ತೋರಿಸುವುದೊಂದೇ ಉಳಿದದ್ದು.

ಬುಧವಾರ ಬೆಳಿಗ್ಗೆ ದೆನ್ಸ್ಯೊ ನಮ್ಮ ಅಂಗಳದಲ್ಲಿ ಬಿಟ್ಟುಹೋಗಿದ್ದ ಬಿದಿರಂಡೆ ಎತ್ತಿಕೊಂಡೆ. ಅಪ್ಪ, "ಎಲ್ಲಿಗೆ?" ಎಂದರು.

"ನೀರಿಗೆ."

"ನೀನಾ?"

"ಬೇರೆ ಯಾರಿದ್ದಾರೆ?"

ಊಟೆಗಿಳಿದು ತುಂಬಿಸಿಕೊಂಡು ಹತ್ತಿದೆ. ಅದೇನು ಭಾರ ದೇವರೇ! ಹೆಗಲ ಮೂಳೆ ಮುರಿದೇ ಹೋಯಿತು ಅನ್ನಿಸಿತು. ಇದನ್ನು ಹೊತ್ತುಕೊಂಡು ಅವನು ನನ್ನನ್ನು ನೋಡುತ್ತ ನಿಲ್ಲುತ್ತಿದ್ದನಲ್ಲ! ಚರ್ಚಿನಲ್ಲಿ ಪೂಜೆ ಬಿಟ್ಟ ಹೊತ್ತು. ಜನ ಮೆಟ್ಟಿಲ ಮೇಲೆ ನಿಂತರು. ನಾನು ನಮ್ಮ ಮನೆಯ ಬಾಗಿಲು ದಾಟಿದೆ, ನಿಲ್ಲಲಿಲ್ಲ. ಬೀದಿಯ ತುದಿಯ ಸಿಲ್ವೆರಿಯಾಳ ಹುಲ್ಲುಮನೆಯ ತನಕ ನಡೆದು, ಅವಳ ಗುಡಾಣಕ್ಕೆ ನೀರು ಸುರಿದೆ. ಹೆಣ್ಣು ಗಂಡಿನ ಮನೆಗೆ ನೀರು ಹೊತ್ತದ್ದನ್ನು ನಮ್ಮ ಊರು ಅದುವರೆಗೆ ನೋಡಿರಲಿಲ್ಲ.

ಸಿಲ್ವೆರಿಯಾ ಕೈಯಲ್ಲಿ ಸೌಟು ಹಿಡಿದು ಹಾಗೇ ನಿಂತಳು. ದೆನ್ಸ್ಯೊ ಬಟ್ಟೆಗಂಟು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದ.

"ಏನ್ ಮಾಡ್ತಿದ್ದೀಯ ನೀನು?" ಎಂದ. ಅವನು ನನ್ನ ಜೊತೆ ಆಡಿದ ಮೊದಲ ಮಾತು ಅದು.

"ಕಾಣ್ತಿಲ್ವಾ? ನೀರು ಹೊರ್ತಿದ್ದೀನಿ."

"ಜನ ನೋಡ್ತಿದ್ದಾರೆ."

"ನೋಡಲಿ. ಕೂಲಿ ಕೊಟ್ಟು ಕಳಿಸಿದವಳು ಹೀಗೆ ಬಂದು ನೀರು ಹೊರ್ತಾಳಾ? ನಿನ್ನ ತಲೆ ಒಳಗೆ ಏನಿದೆ, ಹೊಟ್ಟಾ? ಆ ಸೆನ್ಯೋರಿತಾ ನಿನ್ನನ್ನ ಗುಲಾಮ ಅಂದುಕೊಂಡು ದುಡ್ಡಿಟ್ಟಳು. ಕರವಸ್ತ್ರ ಅವಳು ಕೊಂಡಿದ್ದು."

"ನಿನ್ನ ಮಲ್ಲಿಗೆ ಇತ್ತು ಅದರಲ್ಲಿ," ಎಂದ. "ನೀನು ಆ ಬಳ್ಳಿ ಹೊಲಿಯೋದನ್ನ ದಿನಾ ಕೆಳಗಿಂದ ನೋಡ್ತಿದ್ದೆ. ನನಗೇ ಅಂತ ಹೊಲೀತಿದ್ದೀಯ ಅಂದುಕೊಂಡಿದ್ದೆ. ಅದರಲ್ಲೇ ದುಡ್ಡು ಕಟ್ಟಿ..."

"ನಾನು ಮಾರೋಕೆ ಹೊಲಿಯೋದು ಕಣೋ. ಹೊಟ್ಟೆಪಾಡು."

ಅವನ ಮುಖ ಇನ್ನೂ ಇಳಿಯಿತು. ಇಂಥ ಮನುಷ್ಯನನ್ನು ಏನು ಮಾಡಬೇಕು? "ಆದರೆ ಕಳೆದ ಮಳೆಗಾಲದಿಂದ ಹಂದಿಗೆ ಹೇಳಿದ್ದೆಲ್ಲ ನಿನಗೆ," ಎಂದೆ. "ಅದರಲ್ಲಿ ಒಂದು ಮಾತೂ ಮಾರಾಟಕ್ಕಿರಲಿಲ್ಲ."

ಅವನು ಬಟ್ಟೆಗಂಟು ಕೆಳಗಿಟ್ಟ. ನನ್ನ ಹೆಗಲಿನ ಕೆಂಪು ಗೀರು ನೋಡಿದ. ಮುಟ್ಟಲು ಕೈ ಎತ್ತಿ, ತಾಯಿಯನ್ನು ನೋಡಿ ಕೈ ಇಳಿಸಿದ. ಆ ಅರ್ಧ ಎತ್ತಿದ ಕೈ ನನ್ನ ಮೈಯೆಲ್ಲ ಮುಟ್ಟಿದ ಹಾಗಾಯಿತು.

"ಅಂಡೆಯನ್ನ ಹೆಗಲ ಮೇಲಲ್ಲ, ಸ್ವಲ್ಪ ಹಿಂದಕ್ಕೆ ಇಟ್ಕೋಬೇಕು," ಎಂದ.

"ಈಗ ಹೇಳ್ತೀಯ?"

"ನೀನು ಈಗ ತಾನೇ ನನ್ನನ್ನ ಮಾತಾಡಿಸಿದ್ದು."

ಸಿಲ್ವೆರಿಯಾ ಸೌಟು ಬೀಸಿದಳು. "ಸಾಕು! ನಮ್ಮನೆ ಗುಡಾಣ ತೂತು ಬಿದ್ದಿದೆ, ಹೊತ್ತ ನೀರೆಲ್ಲ ಸೋರಿ ಹೋಗ್ತಿದೆ. ಮೊದಲು ಅದಕ್ಕೆ ಏನಾದ್ರೂ ಮಾಡಿ." ಆದರೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ದೋಣಿ ಅವನಿಲ್ಲದೆ ಹೋಯಿತು.

ಅಪ್ಪ ಮಾತ್ರ ಸುಲಭವಾಗಿ ಬಗ್ಗಲಿಲ್ಲ. ದೆನ್ಸ್ಯೊ ಪೆಸೊಗಳನ್ನು ಮಿಸ್ ಪ್ರಾಟ್‌ಗೆ ಹಿಂದಿರುಗಿಸಿ ನಮ್ಮ ಮೆಟ್ಟಿಲ ಕೆಳಗೆ ಬಂದು ನಿಂತಾಗ ಅವರು ಮೇಲಿನಿಂದಲೇ ಹೇಳಿದರು: "ಕೂಲಿ ಮುಟ್ಟಿದ ದುಡಿಮೆ ಕೂಲಿ ದುಡಿಮೆ. ಅದು ಲೆಕ್ಕಕ್ಕಿಲ್ಲ. ಬೇಕಿದ್ರೆ ಮೊದಲಿಂದ ಶುರುಮಾಡು."

"ಅಪ್ಪಾ, ಅವನು ದುಡ್ಡು ವಾಪಸ್ ಕೊಟ್ಟ!"

"ನಾನು ಬೇಡ ಅಂದ್ನಾ? ಶುರುಮಾಡು ಅಂದೆ."

ಮಿಸ್ ಪ್ರಾಟ್ ಅಪ್ಪನ ಹತ್ತಿರ ವಾದ ಮಾಡಿದರು, ಬೇಡಿಕೊಂಡರು, ಕೊನೆಗೆ ಅತ್ತರು. ಅಪ್ಪ ಅವರಿಗೆ ಹೌದು ಹೌದು ಎಂದು ನಕ್ಕು ಇನ್ನೊಂದು ಮೊಟ್ಟೆ ತರಿಸಿದರು. ಆಕೆಗೆ ಆಗ ಅರ್ಥವಾಯಿತು. ನನ್ನನ್ನು ನೋಡಿ ಸುಮ್ಮನೆ ತಲೆಯಾಡಿಸಿದರು. ಮುಂದಿನ ವಾರ ಹಡಗು ಹತ್ತುವಾಗ ನನ್ನ ಕೈ ಹಿಡಿದುಕೊಂಡು, "ನಾನು ನಿಮ್ಮ ಬಗ್ಗೆ ಬರೆಯುವುದಿಲ್ಲ," ಎಂದರು. ಅದು ನನಗೆ ಸಮಾಧಾನ ತಂದಿತು.

ದೆನ್ಸ್ಯೊ ಮೊದಲಿನಿಂದ ಶುರುಮಾಡಿದ. ಆದರೆ ಊರಿನ ಮುಂದೆ ನೀರು ಹೊತ್ತ ಮೇಲೆ ನನಗೆ ಮಾತಾಡಬೇಡ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ, ಅಪ್ಪನಿಗೂ ಬರಲಿಲ್ಲ. ಅವನು ಸೌದೆ ಸೀಳುತ್ತಿದ್ದ, ನಾನು ಪಕ್ಕದಲ್ಲಿ ಕೂತು ಹೊಲಿಯುತ್ತಿದ್ದೆ. ನಾವು ಜಗಳವಾಡಿದೆವು, ಹೆಚ್ಚಾಗಿ ಜಗಳವೇ. ಅವನಿಗೆ ಹಾಗಲಕಾಯಿ ಸೇರದು, ಗುಡುಗಿಗೆ ಹೆದರಿಕೆ, ತಮ್ಮ ಸತ್ತದ್ದನ್ನು ನೆನೆದರೆ ಈಗಲೂ ಮಾತು ನಿಲ್ಲುತ್ತದೆ ಎಂದೆಲ್ಲ ತಿಳಿದುಕೊಂಡೆ. ನನ್ನ ಬಾಯಿ ಎಷ್ಟು ಜೋರು ಎಂದು ಅವನು ತಿಳಿದುಕೊಂಡ, ಆದರೂ ಮಾರನೇ ದಿನ ಬಂದ. ಮುಂದಿನ ಕಬ್ಬು ಕಟಾವಿನಲ್ಲಿ ಅಪ್ಪ ಅವನನ್ನು ಮೇಲೆ ಕರೆದು ತಮ್ಮ ಎದುರಿಗೆ ಊಟಕ್ಕೆ ಕೂರಿಸಿದರು.

ಅದಕ್ಕೆ ಮೊದಲೇ, ಮಳೆಗಾಲದಲ್ಲಿ ಅಜ್ಜಿ ತೀರಿಹೋಗಿದ್ದಳು. ನನ್ನ ಮದುವೆ ನೋಡಬೇಕು ಎನ್ನುತ್ತಲೇ ಹೋದಳು.

ಆ ವರ್ಷದಲ್ಲಿ ನಾನು ಕಳೆದುಕೊಂಡದ್ದು ಅಜ್ಜಿ ಕೂತು ನೋಡಬೇಕಾಗಿದ್ದ ಮದುವೆಯನ್ನು. ಪಡೆದದ್ದು, ನಮ್ಮ ಊರಿನ ಯಾವ ಹೆಣ್ಣಿಗೂ ಅದುವರೆಗೆ ಸಿಗದಿದ್ದದ್ದು: ಮದುವೆಗೆ ಮೊದಲೇ ಗಂಡನ ಜೊತೆ ಒಂದು ವರ್ಷದ ಮಾತು.